ಲಿನಕ್ಸ್ ಲ್ಯಾಪ್‌ಟಾಪ್: ಬ್ಯಾಟರಿ ಸವೆದಿದೆಯೋ, ಸಿಸ್ಟಮ್ ಹೆಚ್ಚು ಎಳೆಯುತ್ತಿದೆಯೋ?

ಪ್ರಶ್ನೆ: ಐದು ವರ್ಷ ಹಳೆಯ ಇಂಟೆಲ್ ಲ್ಯಾಪ್‌ಟಾಪ್, ಮೂರು ಸೆಲ್ ಬ್ಯಾಟರಿ, ಉಬುಂಟು 24.04. ಐದು ಗಂಟೆ ಬರುತ್ತಿದ್ದದ್ದು ಎರಡೂವರೆಗೆ ಇಳಿದಿದೆ. ಶೇ 30 ಇರುವಾಗಲೇ ಒಮ್ಮೊಮ್ಮೆ ದಿಢೀರನೆ ಆಫ್ ಆಗುತ್ತದೆ. ಬ್ಯಾಟರಿ ಬದಲಿಸಬೇಕೋ, ಲಿನಕ್ಸ್‌ನಲ್ಲೇ ಏನಾದರೂ ಸರಿಮಾಡಬೇಕೋ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾ ಅಂಕಿಯನ್ನು ಸದ್ಯಕ್ಕೆ ಬದಿಗಿಡಿ. ಕೊಡ ಎಷ್ಟು ತುಂಬಿದೆ ಅನ್ನುವುದನ್ನು ಅದು ಹೇಳುತ್ತದೆ, ಕೊಡವೇ ಎಷ್ಟು ಚಿಕ್ಕದಾಗಿದೆ ಅನ್ನುವುದನ್ನಲ್ಲ. ಪೂರ್ತಿ ಚಾರ್ಜ್ ಮಾಡಿ, ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಬ್ಯಾಟರಿಯ ವಿವರ ಕೊಡುವ ಯುಪವರ್ ಕಮಾಂಡನ್ನು ಹೈಫನ್ ಡಿ ಸೇರಿಸಿ ಓಡಿಸಿ. ಬರುವ ಉದ್ದ ಪಟ್ಟಿಯಲ್ಲಿ ಎನರ್ಜಿ-ಫುಲ್ ಮತ್ತು ಎನರ್ಜಿ-ಫುಲ್-ಡಿಸೈನ್ ಎಂಬ ಎರಡು ಸಾಲು ಹುಡುಕಿ. ಎರಡೂ ವ್ಯಾಟ್-ಅವರ್ ಲೆಕ್ಕ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬ್ಯಾಟರಿಯಲ್ಲಿ ಉಳಿದಿರುವ ಸತ್ವ ಗೊತ್ತಾಗುತ್ತದೆ: 48ಕ್ಕೆ 40 ಇದ್ದರೆ ಶೇ 83.

ಆಮೇಲೆ ಚಾರ್ಜರ್ ಕಳಚಿ, ಎನರ್ಜಿ-ರೇಟ್ ಸಾಲು ನೋಡಿ. ಅದು ಈ ಕ್ಷಣದಲ್ಲಿ ಎಳೆಯುತ್ತಿರುವ ವ್ಯಾಟ್. ಒಂದೇ ಸಲ ನೋಡಿ ನಂಬಬೇಡಿ, ಕೆಲವು ಯಂತ್ರಗಳಲ್ಲಿ ಅದು ಬಹಳ ಕುಣಿಯುತ್ತದೆ. 15 ನಿಮಿಷದ ಅಂತರದಲ್ಲಿ ಎರಡು ಸಲ ಎನರ್ಜಿ ಸಾಲು ಬರೆದುಕೊಂಡು, ವ್ಯತ್ಯಾಸವನ್ನು ನಾಲ್ಕರಿಂದ ಗುಣಿಸಿ. 2.1 ವ್ಯಾಟ್-ಅವರ್ ಇಳಿದಿದ್ದರೆ ಸರಾಸರಿ 8.4 ವ್ಯಾಟ್. ಈ ಸರಾಸರಿಯಿಂದ ಎನರ್ಜಿ-ಫುಲ್ ಅನ್ನು ಭಾಗಿಸಿದರೆ ನಿಜವಾಗಿ ಬರುವ ಗಂಟೆ ಸಿಗುತ್ತದೆ.

ಉತ್ತರ 2: ಮೇಲಿನ ವಿಧಾನ ಸರಿ. ಆದರೆ ಕೆಪಾಸಿಟಿ ಎಂಬ ಹೆಸರು ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. ಯುಪವರ್‌ನಲ್ಲಿ ಕೆಪಾಸಿಟಿ ಅಂದರೆ ಬ್ಯಾಟರಿಯ ಆರೋಗ್ಯ, ಪರ್ಸೆಂಟೇಜ್ ಅಂದರೆ ಈಗಿನ ಚಾರ್ಜ್. ಕರ್ನಲ್ (ಲಿನಕ್ಸ್‌ನ ತಿರುಳು) ನೇರವಾಗಿ ಕೊಡುವ ಕಡತಗಳಲ್ಲಿ (ಸಿಸ್, ಕ್ಲಾಸ್, ಪವರ್ ಸಪ್ಲೈ, ಬ್ಯಾಟ್0 ಫೋಲ್ಡರ್) ಕೆಪಾಸಿಟಿ ಅಂದರೆ ಈಗಿನ ಚಾರ್ಜ್. ಅಲ್ಲಿ 100 ಕಂಡು ಬ್ಯಾಟರಿ ಹೊಸದರಂತಿದೆ ಎಂದುಕೊಳ್ಳಬೇಡಿ.

ಆ ಕಡತಗಳಲ್ಲಿ ಎನರ್ಜಿ, ವೋಲ್ಟೇಜ್‌ನಂಥ ಅಂಕಿಗಳು ಮೈಕ್ರೊ ಅಳತೆಯಲ್ಲಿವೆ, 10 ಲಕ್ಷದಿಂದ ಭಾಗಿಸಿ. ಕೆಲವು ಯಂತ್ರಗಳಲ್ಲಿ ಎನರ್ಜಿ ಬದಲು ಚಾರ್ಜ್ ಎಂಬ ಹೆಸರಿರುತ್ತದೆ. ಅದು ಆಂಪಿಯರ್-ಅವರ್. ಆರೋಗ್ಯದ ಅನುಪಾತಕ್ಕೆ ಅದೂ ನಡೆಯುತ್ತದೆ, ವ್ಯಾಟ್-ಅವರ್ ಬೇಕಾದರೆ ವೋಲ್ಟೇಜಿನಿಂದ ಗುಣಿಸಬೇಕು. ಸೈಕಲ್ ಕೌಂಟ್ (ಎಷ್ಟು ಸಲ ಪೂರ್ತಿ ಚಾರ್ಜ್ ಬಳಕೆಯಾಗಿದೆ ಎಂಬ ಎಣಿಕೆ) 0 ಇದ್ದರೆ ಫರ್ಮ್‌ವೇರ್ (ಯಂತ್ರದೊಳಗೇ ಇರುವ ತಂತ್ರಾಂಶ) ಅದನ್ನು ತಿಳಿಸುತ್ತಿಲ್ಲ ಎಂದಷ್ಟೇ ಇರಬಹುದು.

ಪ್ರಶ್ನೆ ಕೇಳಿದವರು: ಅಳೆದೆ. ಫುಲ್ 31.2, ಡಿಸೈನ್ 48. ಸುಮ್ಮನಿದ್ದಾಗ 6.5 ವ್ಯಾಟ್, ಬ್ರೌಸರ್‌ನಲ್ಲಿ ವಿಡಿಯೊ ಹಾಕಿದರೆ 15.

ಉತ್ತರ 3: ಅಂದರೆ ಆರೋಗ್ಯ ಶೇ 65. ಸುಮ್ಮನಿದ್ದಾಗಿನ 6.5 ವ್ಯಾಟ್‌ನಲ್ಲಿ ದೋಷವಿಲ್ಲ. ವಿಡಿಯೊಗೆ 15 ಹೆಚ್ಚಾಯಿತು, ಅಡಕಗೊಳಿಸಿದ ವಿಡಿಯೊವನ್ನು ಬಿಚ್ಚುವ (ಡಿಕೋಡ್) ಕೆಲಸ ಗ್ರಾಫಿಕ್ಸ್ ಚಿಪ್ ಬದಲು ಪ್ರೊಸೆಸರ್ ಮೇಲೆ ಬೀಳುತ್ತಿರಬೇಕು. ಇಂಟೆಲ್-ಜಿಪಿಯು-ಟೂಲ್ಸ್ ಪ್ಯಾಕೇಜ್ ಹಾಕಿ, ಅದರ ಇಂಟೆಲ್ ಜಿಪಿಯು ಟಾಪ್ ಅನ್ನು ಸುಡೊ (ಅಡ್ಮಿನ್ ಅನುಮತಿ) ಕೊಟ್ಟು ತೆರೆದಿಟ್ಟು ವಿಡಿಯೊ ಓಡಿಸಿ. ವಿಡಿಯೊ ಎಂಬ ಸಾಲು 0ಯಲ್ಲೇ ನಿಂತಿದ್ದರೆ ಅನುಮಾನ ನಿಜ. ಇಂಟೆಲ್‌ನ 11ನೇ ಪೀಳಿಗೆಗಿಂತ ಹಿಂದಿನ ಚಿಪ್‌ಗಳಲ್ಲಿ ಎವಿ1 ಎಂಬ ವಿಡಿಯೊ ರೂಪವನ್ನು ಬಿಚ್ಚುವ ವ್ಯವಸ್ಥೆಯೇ ಇಲ್ಲ. ಬ್ರೌಸರ್‌ನಲ್ಲಿ ಎವಿ1 ನಿಲ್ಲಿಸಿದರೆ ಚಿಪ್‌ಗೆ ಗೊತ್ತಿರುವ ಬೇರೆ ರೂಪ ಸಿಗುತ್ತದೆ.

ಉಳಿದ ಸೋರಿಕೆಗೆ, ಯಾವುದು ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ತೋರಿಸುವ ಪವರ್‌ಟಾಪ್ ನೋಡಿ, ಚಾರ್ಜರ್ ಕಳಚಿಯೇ ಓಡಿಸಿ. ಅದರ ಆಟೊ-ಟ್ಯೂನ್ ಆಯ್ಕೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದರಿಂದ ಯುಎಸ್‌ಬಿ ಮೌಸ್ ನಡುನಡುವೆ ನಿದ್ದೆಗೆ ಜಾರುತ್ತದೆ. ಟ್ಯೂನಬಲ್ಸ್ ಪುಟದಲ್ಲಿ ಒಂದೊಂದಾಗಿ ಬದಲಿಸುವುದು ವಾಸಿ, ಅವು ರೀಬೂಟ್‌ವರೆಗೆ ಮಾತ್ರ ಉಳಿಯುತ್ತವೆ. ಟಿಎಲ್‌ಪಿ (ವಿದ್ಯುತ್ ಉಳಿಸುವ ತಂತ್ರಾಂಶ) ಹಾಕುವುದಾದರೆ ಅದೇ ಕೆಲಸದ ಪವರ್-ಪ್ರೊಫೈಲ್ಸ್-ಡೀಮನ್ ಜೊತೆಗೆ ಓಡಬಾರದು, ಒಂದರ ಸೆಟ್ಟಿಂಗನ್ನು ಇನ್ನೊಂದು ಅಳಿಸುತ್ತದೆ.

ಉತ್ತರ 4: ಶೇ 30ರಲ್ಲಿ ಆಫ್ ಆಗುವುದು ಬೇರೆಯೇ ರೋಗ, ಅದು ವ್ಯಾಟ್‌ನಲ್ಲಿ ಕಾಣುವುದಿಲ್ಲ, ವೋಲ್ಟೇಜ್‌ನಲ್ಲಿ ಕಾಣುತ್ತದೆ. ಮೂರು ಸೆಲ್ ಸರಣಿಯ ಬ್ಯಾಟರಿ ತುಂಬಿದಾಗ ಸುಮಾರು 12.6 ವೋಲ್ಟ್, 9ರ ಹತ್ತಿರ ಬಂದರೆ ಮುಗಿದಂತೆ. ಸಮಯ, ಬ್ಯಾಟ್0 ಫೋಲ್ಡರಿನ ಕೆಪಾಸಿಟಿ, ವೋಲ್ಟೇಜ್ ನೌ (ಈಗಿನ ವೋಲ್ಟೇಜ್) ಮೂರನ್ನೂ 20 ಸೆಕೆಂಡಿಗೊಮ್ಮೆ ಒಂದು ಕಡತಕ್ಕೆ ಸೇರಿಸುವ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆಯಿರಿ. ಪ್ರತಿ ಸಾಲಿನ ನಂತರ ಸಿಂಕ್ ಕಮಾಂಡ್ ಕೊಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಯಂತ್ರ ಸಾಯುವಾಗ ನಮಗೆ ಬೇಕಾದ ಕೊನೆಯ ಸಾಲುಗಳೇ ಡಿಸ್ಕ್ ತಲುಪಿರುವುದಿಲ್ಲ.

ವೋಲ್ಟೇಜ್ ನಿಧಾನವಾಗಿ 9ರ ಕಡೆ ಇಳಿದಿದ್ದು, ಶೇಕಡಾ ಮಾತ್ರ 30 ಅನ್ನುತ್ತಿದ್ದರೆ ಬ್ಯಾಟರಿಯೊಳಗಿನ ಅಳತೆಯ ಚಿಪ್ ಲೆಕ್ಕ ತಪ್ಪಿದೆ. ಒಮ್ಮೆ ಪೂರ್ತಿ ತುಂಬಿಸಿ, ಕೊನೆಯವರೆಗೆ ಇಳಿಸಿ, ಮತ್ತೆ ಬಿಡದೆ ತುಂಬಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಅದೇ, 11ರ ಹತ್ತಿರ ಇದ್ದದ್ದು ಭಾರ ಬಿದ್ದ ಕೂಡಲೇ ಕುಸಿದರೆ ಸೆಲ್ ದುರ್ಬಲವಾಗಿದೆ. ಅದಕ್ಕೆ ಈ ತುಂಬಿಸಿ-ಇಳಿಸುವ ಕ್ಯಾಲಿಬ್ರೇಶನ್ ಮದ್ದಲ್ಲ. ಒಳಗೆ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಉಬ್ಬಿದ್ದರೆ ಈ ಯಾವ ಪರೀಕ್ಷೆಯೂ ಬೇಡ, ಚಾರ್ಜ್ ಮಾಡುವುದನ್ನು ಈಗಲೇ ನಿಲ್ಲಿಸಿ.

ಪ್ರಶ್ನೆ ಕೇಳಿದವರು: ಕೊನೆಯ ಎರಡು ಸಾಲು: ಶೇ 31, 10.9 ವೋಲ್ಟ್. ವಿಡಿಯೊ ಶುರು ಮಾಡಿದೆ, ಶೇ 30, 9.3. ಅಲ್ಲಿಗೆ ಆಫ್. ಟಚ್‌ಪ್ಯಾಡ್ ಸಮವಾಗಿದೆ.

ಉತ್ತರ 4: ಹಾಗಾದರೆ ಸೆಲ್ ಹೋಗಿದೆ, ಬ್ಯಾಟರಿ ಬದಲಿಸಿ. ಹೊಸದು ಬರುವವರೆಗೆ ಇಟಿಸಿಯೊಳಗಿನ ಯುಪವರ್ ಸಂರಚನಾ ಕಡತದಲ್ಲಿ ಪರ್ಸೆಂಟೇಜ್‌ಲೋ 45, ಪರ್ಸೆಂಟೇಜ್‌ಕ್ರಿಟಿಕಲ್ 40, ಪರ್ಸೆಂಟೇಜ್‌ಆಕ್ಷನ್ 35 ಮಾಡಿ, ಕ್ರಿಟಿಕಲ್‌ಪವರ್‌ಆಕ್ಷನ್ ಅನ್ನು ಪವರ್‌ಆಫ್‌ಗೆ ಇಟ್ಟು ಯುಪವರ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಮೂರೂ ಇಳಿಕೆಯ ಕ್ರಮದಲ್ಲೇ ಇರಬೇಕು, ಇಲ್ಲವಾದರೆ ಅದು ನಿಮ್ಮ ಅಂಕಿ ಬಿಟ್ಟು ಮೂಲ ಅಂಕಿಗಳನ್ನೇ ಹಿಡಿಯುತ್ತದೆ. ಆಗ ಶೇ 35ಕ್ಕೆ ಬಂದಾಗಲೇ ಕಡತಗಳು ಕೆಡದಂತೆ ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ.

ಉತ್ತರ 2: ಕೊಳ್ಳುವಾಗ ಹಳೆಯ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್ ನೋಡಿ ಕೇಳಿ, ಲ್ಯಾಪ್‌ಟಾಪ್ ಮಾದರಿಯ ಹೆಸರಷ್ಟೇ ಸಾಲದು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಅಗ್ಗದ ಪ್ಯಾಕ್ ಸಿಕ್ಕರೆ, ಆರೋಗ್ಯ ಶೇ 100 ಎಂದು ತೋರಿಸಿದರೂ ಅದು ಚಿಪ್‌ನಲ್ಲಿ ಬರೆದಿಟ್ಟ ಅಂಕಿ ಇರಬಹುದು. ಇದೇ ಸ್ಕ್ರಿಪ್ಟ್ ಹಾಕಿ ತುಂಬಿದ್ದರಿಂದ ಶೇ 10ರವರೆಗೆ ಇಳಿಸಿ, ಎಷ್ಟು ಗಂಟೆ ಬಂತು ಎಂದು ವಾರಂಟಿ ಇರುವಾಗಲೇ ಅಳೆಯಿರಿ. ಆಮೇಲೆ ಬ್ಯಾಟ್0 ಫೋಲ್ಡರಿನಲ್ಲಿ ಚಾರ್ಜ್ ಕಂಟ್ರೋಲ್ ಎಂಡ್ ಥ್ರೆಶೋಲ್ಡ್ (ಚಾರ್ಜ್ ಎಲ್ಲಿ ನಿಲ್ಲಬೇಕೆಂಬ ಮಿತಿ) ಎಂಬ ಕಡತವಿದ್ದರೆ ಅದಕ್ಕೆ 80 ಬರೆಯಿರಿ. ಕೆಲವು ಮಾದರಿಗಳಲ್ಲಿ ರೀಬೂಟ್ ಆದಾಗ ಇದು ಅಳಿಸಿಹೋಗುವುದರಿಂದ, ಯಂತ್ರ ಶುರುವಾದಾಗ ತಾನೇ ಓಡುವ ಸಿಸ್ಟಮ್‌ಡಿ ಸರ್ವಿಸ್‌ನಲ್ಲಿ ಸೇರಿಸಬೇಕು. ಶೇ 80ಕ್ಕೆ ಬಂದು ಚಾರ್ಜ್ ನಿಂತು “ನಾಟ್ ಚಾರ್ಜಿಂಗ್” ಎಂದು ಕಂಡರೆ ಗಾಬರಿ ಬೇಡ, ನೀವು ಹೇಳಿದ್ದನ್ನೇ ಅದು ಮಾಡುತ್ತಿದೆ.