ಸಹಾಯ ಬೇಕು: ಬಳ್ಳಾರಿ ಬಿಸಿಲಲ್ಲಿ ಮಾದರಿ ಕಾರಿಗೆ ಹೊಳಪು ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆಯವನು. ಹದಿನೈದು ವರ್ಷ ಬಿಟ್ಟು ಮತ್ತೆ ಮಾದರಿ ಕಾರು ಕಟ್ಟಲು ಕೂತಿದ್ದೇನೆ. ಅಟ್ಟದ ಮೇಲೆ, ಅರ್ಧಕ್ಕೆ ಬಿಟ್ಟಿದ್ದ 1/24 ಅಳತೆಯ (ನಿಜವಾದ ಕಾರಿನ ಇಪ್ಪತ್ನಾಲ್ಕನೇ ಒಂದು ಪಾಲು) ತಾಮಿಯಾ ಎಂಬ ಜಪಾನಿ ಕಂಪನಿಯ ಕಿಟ್ ಸಿಕ್ಕಿತು. ಸುಮಾರು ಒಂದು ಗೇಣು ಉದ್ದದ ಕಾರು. ಕೈಗೆತ್ತಿಕೊಂಡ ಕೂಡಲೇ ಹಳೇ ಆಸೆ ಎದ್ದು ಕೂತಿತು!

ಕಾರಿನ ಮೈಗೆ ಕೆಂಪು ಲ್ಯಾಕರ್ (ಬೇಗ ಒಣಗುವ ಬಣ್ಣ) ಸ್ಪ್ರೇ ಹೊಡೆದೆ. ಬಾನೆಟ್ ಪೂರ್ತಿ ತರಿತರಿ, ಕಿತ್ತಳೆ ಸಿಪ್ಪೆಯ ಹಾಗೆ. ಇಲ್ಲಿ ಬಿಸಿಲು ಜಾಸ್ತಿ ಅಲ್ವಾ, ಬಣ್ಣದ ಹನಿ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಅರ್ಧ ಒಣಗಿಬಿಡುತ್ತದೆ. ಜೊತೆಗೆ ಕೆಂಪು ಧೂಳು ಬೇರೆ. 2000 ನಂಬರಿನ ವಾಟರ್ ಪೇಪರ್ (ತುಂಬಾ ನಯವಾದ ಉಜ್ಜುವ ಕಾಗದ) ನೆನೆಸಿ ಮೆಲ್ಲಗೆ ಉಜ್ಜಿದೆ. ಬಾನೆಟ್ ಸಮ ಆಯಿತು. ಆದರೆ ಬಾಗಿಲಿನ ಅಂಚಿನಲ್ಲಿ ಬಣ್ಣ ಹೋಗಿ ಬಿಳಿ ಪ್ಲಾಸ್ಟಿಕ್ ಇಣುಕಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಂಚುಗಳಿಗೆ ಟೇಪ್ ಹಚ್ಚಿಕೊಂಡು ಉಜ್ಜಬೇಕಾ? ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಎಷ್ಟು ದಿನ ಒಣಗಬೇಕು? ದೊಡ್ಡ ಕಾರಿನ ಪಾಲಿಶ್ ಕಾಂಪೌಂಡ್ ಇದಕ್ಕೆ ಒರಟಾಗುತ್ತದಾ? 3000ಕ್ಕಿಂತ ನಯವಾದ ಪೇಪರ್ ಬಳ್ಳಾರಿಯಲ್ಲಿ ಎಲ್ಲಿ ಸಿಗುತ್ತದೆ? ನಮ್ಮೂರಲ್ಲಿ ಯಾರಾದರೂ ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಒಂದು ಭಾನುವಾರ ಬಂದು ಪಕ್ಕದಲ್ಲಿ ಕೂತು ಕಲಿಯುತ್ತೇನೆ.