ಫ್ಲೈಟ್ ಮೋಡ್ ಹಾಕೋಕೆ ಮರೆತೆ, ನಿಜವಾಗ್ಲೂ ಅಪಾಯ ಇತ್ತಾ?

ಚುರುಮುರಿ: ಹೋದ ವಾರ ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಹೋದೆ. ಇನ್ನೇನು ಇಳಿಯಬೇಕು, ಜೇಬಲ್ಲಿ ಟಿಂಗ್ ಟಿಂಗ್ ಅಂತ ನಾಲ್ಕು ಮೆಸೇಜ್ ಬಂತು. ಆಗಲೇ ಗೊತ್ತಾಗಿದ್ದು, ಫ್ಲೈಟ್ ಮೋಡ್ ಹಾಕಿಯೇ ಇರಲಿಲ್ಲ. ಪಕ್ಕದ ಸೀಟಿನ ಹಿರಿಯರು "ಮೊದಲೇ ಗುಡ್ಡದ ಮೇಲಿನ ರನ್‌ವೇ, ಅದರಲ್ಲಿ ನೀವು ಬೇರೆ" ಅಂತ ಗದರಿದರು. ಈಗ ಕೆಲವು ವಿಮಾನಗಳಲ್ಲಿ ವೈಫೈ ಅವರೇ ಕೊಡುತ್ತಾರೆ ಅಲ್ವಾ? ಅದು ಸರಿ, ಇದು ತಪ್ಪು ಹೇಗೆ?

ರೇಡಿಯೋಮಾಮ: ಒಂದು ಫೋನಿಂದ ವಿಮಾನ ಬೀಳುವುದಿಲ್ಲ, ಹೆದರಬೇಡಿ. ಹಳೇ 2ಜಿ ಫೋನನ್ನು ಟೇಪ್ ರೆಕಾರ್ಡರ್ ಪಕ್ಕ ಇಟ್ಟರೆ ಕಾಲ್ ಬರುವ ಮೊದಲೇ ಸ್ಪೀಕರ್ ಡರ್‌ರ್ ಡರ್‌ರ್ ಅಂತಿತ್ತಲ್ಲ, ಅದೇ ಸದ್ದು ಪೈಲಟ್ ಕಿವಿಯ ಹೆಡ್‌ಸೆಟ್‌ನಲ್ಲಿ ಬಂದರೆ ಹೇಗಿರುತ್ತದೆ ಯೋಚಿಸಿ. ಅದೂ ಕೆಳಗಿಂದ ರನ್‌ವೇ ನಂಬರ್ ಹೇಳುತ್ತಿರುವಾಗ. ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗುತ್ತದೆ, ಅಂದರೆ ಹೆಚ್ಚು ಶಕ್ತಿ ಹಾಕಿ ಸಿಗ್ನಲ್ ಕಳಿಸುತ್ತದೆ. ಮೇಲಿಂದ ಒಂದೇ ಸಲಕ್ಕೆ ಹತ್ತಾರು ಟವರ್ ಕಾಣುವುದರಿಂದ ಕೆಳಗಿನ ನೆಟ್‌ವರ್ಕಿಗೂ ಕಿರಿಕಿರಿ. ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1991ರಲ್ಲಿ ಹಾರಾಟದಲ್ಲಿ ಮೊಬೈಲ್ ಬೇಡ ಅಂದಿದ್ದು ಈ ನೆಲದ ನೆಟ್‌ವರ್ಕ್ ಚಿಂತೆಯಿಂದಲೇ. ವೈಫೈ ಲೆಕ್ಕ ಬೇರೆ. ನಿಮ್ಮ ಫೋನ್ ಕ್ಯಾಬಿನ್ನಿನೊಳಗಿನ ಡಬ್ಬಿಯ ಜೊತೆ ಮೆಲ್ಲಗೆ ಮಾತಾಡಿದರೆ ಸಾಕು, ಉಪಗ್ರಹಕ್ಕೋ ನೆಲಕ್ಕೋ ತಲುಪಿಸುವ ಕೆಲಸ ವಿಮಾನದ ಆಂಟೆನಾದ್ದು. ನಮ್ಮಲ್ಲಿ 3,000 ಮೀಟರ್ ಮೇಲೆ ಹೋಗುವ ತನಕ ಅದೂ ಇಲ್ಲ.

ಸುಮ್ನಿರಪ್ಪ: ಮೊದಲು ಪೂರ್ತಿ ಸ್ವಿಚ್ ಆಫ್ ಮಾಡಿ ಅಂತಿದ್ದರು. 2013ರಲ್ಲಿ ಅಮೆರಿಕ ಸಡಿಲ ಮಾಡಿತು, 2014ರಲ್ಲಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೂಡ ಫ್ಲೈಟ್ ಮೋಡ್‌ನಲ್ಲಿದ್ದರೆ ಏರುವಾಗ ಇಳಿಯುವಾಗಲೂ ಬಳಸಬಹುದು ಅಂದಿತು. ಅಷ್ಟೊಂದು ಅಪಾಯ ಇದ್ದಿದ್ದರೆ ಫೋನನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಿದ್ದರು ಗುರೂ.

ರೇಡಿಯೋಮಾಮ: ಪೂರ್ತಿ ತಳ್ಳಿಹಾಕಬೇಡಿ. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ 5ಜಿ ಟವರ್ ಶುರುವಾಗುವಾಗ ವಿಮಾನಗಳೇ ರದ್ದಾದವು. ನೆಲದಿಂದ ಎಷ್ಟು ಎತ್ತರ ಅಂತ ಅಳೆಯುವ ರೇಡಿಯೋ ಆಲ್ಟಿಮೀಟರ್ 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಟವರ್ ತರಂಗ ಅದಕ್ಕೆ ಹತ್ತಿರ. ಆ ವರ್ಷವೇ ನಮ್ಮಲ್ಲೂ ರನ್‌ವೇಯ ಎರಡೂ ತುದಿಯಿಂದ 2.1 ಕಿ.ಮೀ. ತನಕ ಆ ಬಗೆಯ 5ಜಿ ಟವರ್ ಹಾಕಬೇಡಿ ಅಂತ ಕಂಪನಿಗಳಿಗೆ ಹೇಳಿದರು. ಅಲ್ಲಿ ತಕರಾರು ಟವರಿನದು, ನಿಮ್ಮ ಜೇಬಿನ ಫೋನಿನದಲ್ಲ.

ಕೊಡಗಿನಕ್ಕ: ನನಗೆ ಕೇಳಿದರೆ ಸಿಗ್ನಲ್‌ಗಿಂತ ಬ್ಯಾಟರಿಗೇ ಜಾಸ್ತಿ ಹೆದರಬೇಕು. ಒಂದು ಸಲ ನನ್ನ ಫೋನ್ ಸೀಟಿನ ಸಂದಿಗೆ ಜಾರಿತು. ಬೆರಳು ತೂರಿಸಿ, ಸೀಟು ಹಿಂದಕ್ಕೆ ಒತ್ತಿ ನೋಡೋಣ ಅಂತ ಗುಂಡಿ ಮುಟ್ಟಿದ್ದೇ ತಡ, ಗಗನಸಖಿ ಓಡಿ ಬಂದು ಕೈ ಹಿಡಿದಳು. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಫೋನ್ ಬಾಗಿದರೆ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದಂತೆ. ನನ್ನನ್ನು ಎಬ್ಬಿಸಿ, ಟಾರ್ಚ್ ಬಿಟ್ಟು ತೆಗೆದುಕೊಟ್ಟಳು. ಪವರ್ ಬ್ಯಾಂಕ್ ಕೂಡ ಅಷ್ಟೇ, ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್‌ಅವರ್, 100ರ ಮಿತಿಯೊಳಗೆ ಬರುತ್ತದೆ.

ಚುರುಮುರಿ: ಥ್ಯಾಂಕ್ಸ್ ಅಕ್ಕ. ವಾಪಸ್ ಬಸ್ಸಲ್ಲಿ ಬಂದೆ. ಶಿರಾಡಿ ಘಾಟಿಯಲ್ಲಿ ಫ್ಲೈಟ್ ಮೋಡ್ ತಾನಾಗೇ ಬಿತ್ತು.