ಸಹಾಯ ಬೇಕು: ಸೈಕಲ್‌ನಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ತಮ್ಮನೂ ಶಿಮ್ಲಾದಿಂದ ಸೈಕಲ್ ತುಳಿದು ಕಿನ್ನೌರ್, ನಾಕೋ, ತಾಬೋ ದಾಟಿ ಕಾಜಾ ಸೇರಿ, ಕೀ ಬೌದ್ಧ ಮಠ ನೋಡಿಕೊಂಡು, ಕುಂಜುಮ್ ಪಾಸ್ ಹತ್ತಿ ಮನಾಲಿ ಕಡೆ ಇಳಿಯಬೇಕು ಅಂತ ಇದ್ದೇವೆ. ತಾಬೋದ ಬೌದ್ಧ ಮಠ ಶುರುವಾಗಿದ್ದು 996ರಲ್ಲಿ. ಅದರ ಮಣ್ಣಿನ ಗೋಡೆಗಳ ಒಳಗೆ ಹಳೇ ಚಿತ್ರಗಳು ಇನ್ನೂ ಉಳಿದಿವೆ, ಅಲ್ಲಿ ಒಂದಿಡೀ ದಿನ ಸುಮ್ನೆ ಕೂತಿರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಭಯ ಎತ್ತರದ್ದು. ಕುಂಜುಮ್ 4,500 ಮೀಟರ್‌ಗಿಂತ ಜಾಸ್ತಿ ಅಲ್ವಾ? ಹಿಂದೊಮ್ಮೆ ಬೇರೆ ಕಡೆ ಅವಸರದಲ್ಲಿ ಹತ್ತಿ ತಮ್ಮನಿಗೆ ತಲೆನೋವು, ವಾಂತಿ ಶುರುವಾಗಿತ್ತು. ನಾಕೋದಲ್ಲಿ ಎರಡು ರಾತ್ರಿ, ಕಾಜಾದಲ್ಲಿ ಎರಡು ರಾತ್ರಿ ಉಳಿದರೆ ಸಾಕಾ? ಕುಂಜುಮ್ ಇಳಿದ ಮೇಲೆ ಸಿಗುವ ಬಾತಲ್, ಛತ್ರು ಕಡೆಯ ಕಲ್ಲುದಾರಿಗೆ ಎಷ್ಟು ಅಗಲದ ಟೈರ್ ಹಾಕಿದ್ದಿರಿ? ದಯವಿಟ್ಟು ಹೇಳಿ.